ಹಳೆಯ ಮೋಟಾರು ಸೈಕಲ್ಲಿಗೆ ಹೊಸ ಬಣ್ಣ

ಮೈಸೂರಿನಲ್ಲಿರುವ ನಮ್ಮ ಮಿತ್ರರೊಬ್ಬರ ಮನೆಯ ಹಿತ್ತಲಿನಲ್ಲಿ 1968ರ ಜಾವಾ ಮೋಟಾರು ಸೈಕಲ್ಲೊಂದಿದೆ. ಅದು ಅವರ ತಂದೆಯವರದು. ಅದನ್ನು ತಯಾರಿಸಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು, ತಂದೆಯವರೂ ಈಗಿಲ್ಲ. ಎಂಜಿನು ಮಾತ್ರ ಇನ್ನೂ ಒಂದೆರಡು ಒದೆತಕ್ಕೆ ಎಚ್ಚರಗೊಳ್ಳುತ್ತದೆ. ಐದು ವರ್ಷಗಳ ಹಿಂದೆ ಮಿತ್ರರು ಅದಕ್ಕೆ ಹೊಸದಾಗಿ ಬಣ್ಣ ಹಾಕಿಸಿದರು. ಮನೆಗೆ ಬಂದ ದಿನ ಅದರ ಟ್ಯಾಂಕಿನಲ್ಲಿ ಮುಖ ನೋಡಿಕೊಳ್ಳಬಹುದಾಗಿತ್ತು. ಎರಡನೆಯ ಮಳೆಗಾಲ ಮುಗಿಯುವ ವೇಳೆಗೆ ಟ್ಯಾಂಕಿನ ಅಂಚಿನಲ್ಲಿ ಸಾಸಿವೆಯಷ್ಟು ಗಾತ್ರದ ಗುಳ್ಳೆಗಳೆದ್ದವು. ಉಗುರಿನಿಂದ ಕೆರೆದರೆ ಬಣ್ಣವು ಹಪ್ಪಳದಂತೆ ಎದ್ದುಬರುತ್ತಿತ್ತು. ಅಡಿಯಲ್ಲಿ ಕೆಂಪು ಕಿಲುಬು.

ಈ ವರ್ಷ ಅವರು ಮತ್ತೊಮ್ಮೆ ಬಣ್ಣ ಹಾಕಿಸಲು ನಿಶ್ಚಯಿಸಿ, ಮೂರು ಕಡೆ ವಿಚಾರಿಸಿದರು. ಮೊದಲನೆಯವರು 6,000 ರೂಪಾಯಿ ಎಂದರು. ಎರಡನೆಯವರು 15,000 ಎಂದರು. ಮೂರನೆಯವರು ವಾಹನವನ್ನು ಸಂಪೂರ್ಣವಾಗಿ ಬಿಚ್ಚಿ, ಕ್ರೋಮಿಯಂ ಲೇಪವನ್ನೂ ಹೊಸದಾಗಿ ಮಾಡಿಸುವುದಾದರೆ 32,000 ರೂಪಾಯಿಗೆ ಕಡಿಮೆಯಾಗದೆಂದರು. ಒಂದೇ ವಾಹನ, ಒಂದೇ ಮರೂನ್ ಬಣ್ಣ. ಬೆಲೆಯಲ್ಲಿ ಐದು ಪಟ್ಟಿಗೂ ಮಿಗಿಲಾದ ಅಂತರ! ಇವರಲ್ಲಿ ಮೋಸ ಮಾಡುತ್ತಿರುವವರು ಯಾರು ಎಂದು ಮಿತ್ರರು ನಮ್ಮನ್ನು ಕೇಳಿದರು. ಪ್ರಾಯಶಃ ಯಾರೂ ಅಲ್ಲ. ಮೂವರೂ ಮಾಡಲಿರುವ ಕೆಲಸಗಳೇ ಬೇರೆ ಬೇರೆ. ಆ ಕೆಲಸಗಳು ಯಾವುವು, ಅವುಗಳ ಹಿಂದಿರುವ ವಿಜ್ಞಾನವೇನು ಎಂಬುದನ್ನು ಅರಿತರೆ, ಕೊಟ್ಟ ಹಣ ಎಲ್ಲಿಗೆ ಹೋಯಿತೆಂಬುದು ತಿಳಿಯುತ್ತದೆ. ಎರಡನೆಯ ಸಲ ಹಣ ತೆರುವುದೂ ತಪ್ಪುತ್ತದೆ.

ಮೊದಲು ಬಣ್ಣದ ಪ್ರಮಾಣವನ್ನೇ ಲೆಕ್ಕ ಹಾಕಿ ನೋಡೋಣ. ಟ್ಯಾಂಕು, ಎರಡು ಮಡ್‌ಗಾರ್ಡುಗಳು, ಪಕ್ಕದ ಪೆಟ್ಟಿಗೆಗಳು, ಹೆಡ್‌ಲೈಟಿನ ಚಿಪ್ಪು, ಚೈನಿನ ಕವಚ ಇವೆಲ್ಲವುಗಳ ಹೊರಮೈಯನ್ನು ಹರಡಿದರೆ ಸುಮಾರು ಎರಡು ಚದರ ಮೀಟರು ಆದೀತು. ಅದರ ಮೇಲೆ ಒಣಗಿ ನಿಲ್ಲುವ ಬಣ್ಣದ ಪದರವು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗದಷ್ಟು ದಪ್ಪವಾಗಿರುತ್ತದೆ. ತಲೆಗೂದಲಿನ ದಪ್ಪವೂ ಅದಕ್ಕಿಲ್ಲ. ಗುಣಿಸಿದರೆ ಬರುವುದು 80 ಘನ ಸೆಂಟಿಮೀಟರು. ಅಂದರೆ ಕಾಫಿಯ ಸಣ್ಣ ಲೋಟವೊಂದರಲ್ಲಿ ಹಿಡಿಯುವಷ್ಟು ಘನಪದಾರ್ಥವು ಇಡೀ ವಾಹನಕ್ಕೆ ಬಣ್ಣ ಕೊಡುತ್ತದೆ. ಸಿಂಪಡಿಸಲು ಸಿದ್ಧವಾದ ದ್ರವದಲ್ಲಿ ನೂರಕ್ಕೆ ಮೂವತ್ತು ಭಾಗ ಮಾತ್ರ ಘನಪದಾರ್ಥವೆಂದೂ, ಸಾಮಾನ್ಯ ಸ್ಪ್ರೇ ಗನ್ನಿನಿಂದ ಹೊರಟ ಹನಿಗಳಲ್ಲಿ ಮೂರರಲ್ಲಿ ಒಂದು ಭಾಗವಷ್ಟೇ ತಗಡಿಗೆ ಅಂಟಿ ಉಳಿದುದು ಗಾಳಿಯ ಪಾಲಾಗುವುದೆಂದೂ ಹಿಡಿದರೂ, ಬೇಕಾಗುವುದು ಸುಮಾರು 800 ಮಿಲಿಲೀಟರು. ಒಂದು ಲೀಟರು ಬಣ್ಣದಲ್ಲಿ ಕೆಲಸ ಮುಗಿದು ಸ್ವಲ್ಪ ಮಿಕ್ಕೀತು.

ಹಾಗಾದರೆ ಸಾವಿರಾರು ರೂಪಾಯಿ ಯಾವುದಕ್ಕೆ? ಎರಡನೆಯ ಕಾರ್ಯಾಗಾರದ ಪೇಂಟರು, ನಲವತ್ತು ವರ್ಷ ಇದೇ ಕೆಲಸ ಮಾಡಿದ ಹಿರಿಯರು, ನಮಗೆ ಕೊಟ್ಟ ಉತ್ತರವಿದು: “ಬಣ್ಣ ಹೊಡೆಯೋದಕ್ಕಲ್ಲ ಸ್ವಾಮಿ ದುಡ್ಡು, ಉಜ್ಜೋದಕ್ಕೆ.” ವಿಜ್ಞಾನದ ದೃಷ್ಟಿಯಿಂದಲೂ ಈ ಮಾತು ಅಕ್ಷರಶಃ ಸತ್ಯ.

ಕಬ್ಬಿಣವು ಗಾಳಿಯಲ್ಲಿರುವ ಆಮ್ಲಜನಕದೊಡನೆ ನೀರಿನ ಸಮ್ಮುಖದಲ್ಲಿ ಸೇರಿ ತುಕ್ಕಾಗುವುದನ್ನು ಎಲ್ಲರೂ ಬಲ್ಲರು. ಆದರೆ ಹೀಗೆ ಉಂಟಾದ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಕನಿಷ್ಠ ಎರಡು ಪಟ್ಟು ಜಾಗವನ್ನು ಆಕ್ರಮಿಸುತ್ತದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿರಲಾರದು. ಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿಯಂತೆ, ಬಣ್ಣದಡಿಯ ತುಕ್ಕು ಬೆಳೆಯುತ್ತ ಬೆಳೆಯುತ್ತ ಮೇಲಿನ ಪದರವನ್ನು ಎತ್ತುತ್ತದೆ. ಬಣ್ಣದ ಪದರವು ನೀರನ್ನು ಪೂರ್ಣವಾಗಿ ತಡೆಯುತ್ತದೆಂದು ಭಾವಿಸಬಾರದು. ನೀರಿನ ಅಣುಗಳು ಅದರ ಮೂಲಕ ಮೆಲ್ಲನೆ ನುಸುಳಬಲ್ಲವು, ಆಮ್ಲಜನಕವೂ ಹಾಗೆಯೇ. ತಗಡು ಶುದ್ಧವಾಗಿದ್ದು ಬಣ್ಣವು ಅದನ್ನು ಬಿಗಿಯಾಗಿ ಹಿಡಿದಿದ್ದರೆ, ಒಳಹೊಕ್ಕ ಅಲ್ಪಸ್ವಲ್ಪ ನೀರು ಸೇರಿ ನಿಲ್ಲಲು ಅಲ್ಲಿ ಸ್ಥಳವಿರುವುದಿಲ್ಲ. ತಗಡಿನ ಮೇಲೆ ಉಪ್ಪಿನ ಅಂಶವಿದ್ದರೋ, ಕಥೆಯೇ ಬೇರೆ.

ಮಾವಿನ ಹೋಳುಗಳಿಗೆ ಉಪ್ಪು ಬೆರಸಿ ಜಾಡಿಯಲ್ಲಿಟ್ಟರೆ ಮರುದಿನಕ್ಕೆ ಹೋಳುಗಳು ನೀರು ಬಿಟ್ಟಿರುವುದನ್ನು ನಮ್ಮ ಗೃಹಿಣಿಯರು ಪ್ರತಿ ಬೇಸಿಗೆಯಲ್ಲೂ ಕಾಣುತ್ತಾರೆ. ಉಪ್ಪು ಹೋಳಿನ ಕೋಶಪೊರೆಗಳ ಮೂಲಕ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಬಣ್ಣದ ಪದರವೂ ಅಂತಹುದೇ ಒಂದು ಪೊರೆ. ಉಜ್ಜಿ ತೊಳೆದ ತಗಡನ್ನು ಬೆವರಿದ ಬೆರಳಿನಿಂದ ಮುಟ್ಟಿ, ಅದರ ಮೇಲೆಯೇ ಬಣ್ಣ ಹಾಕಿದರೆ, ಬೆರಳಚ್ಚಿನಲ್ಲಿದ್ದ ಉಪ್ಪು ಹೊರಗಿನ ಮಳೆನೀರನ್ನು ಪೊರೆಯ ಮೂಲಕ ಒಳಗೆ ಸೆಳೆಯುತ್ತದೆ. ಸಾಸಿವೆಯಂತಹ ಗುಳ್ಳೆ ಹುಟ್ಟುವುದು ಹೀಗೆ. ಕೆಲವೊಮ್ಮೆ ಗುಳ್ಳೆಗಳ ಸಾಲು ಹೆಬ್ಬೆರಳಿನ ಗುರುತನ್ನೇ ತೋರಿಸುವುದುಂಟು. ಮಂಗಳೂರು, ಉಡುಪಿ, ಕಾರವಾರಗಳಂತಹ ಕಡಲತೀರದ ಊರುಗಳಲ್ಲಿ ಗಾಳಿಯೇ ಉಪ್ಪನ್ನು ಹೊತ್ತು ತರುವುದರಿಂದ ಅಲ್ಲಿಯ ವಾಹನಗಳಿಗೆ ಈ ರೋಗ ಬೇಗ ತಗಲುತ್ತದೆ.

ತಗಡು ಶುದ್ಧವಾಗಿದೆಯೇ ಎಂದು ತಿಳಿಯಲು ಯಂತ್ರವೇನೂ ಬೇಡ. ಒಂದು ಚೆಂಬು ನೀರು ಸಾಕು. ಎಣ್ಣೆಯ ಕೈ ತಾಗಿದ ಉಕ್ಕಿನ ತಟ್ಟೆಯ ಮೇಲೆ ನೀರು ಹನಿಹನಿಯಾಗಿ ಒಡೆದು ನಿಲ್ಲುವುದನ್ನೂ, ಚೆನ್ನಾಗಿ ಬೆಳಗಿದ ತಟ್ಟೆಯ ಮೇಲೆ ಒಂದೇ ತೆಳುಹಾಳೆಯಂತೆ ಹರಡುವುದನ್ನೂ ಓದುಗರು ಕಂಡಿರಬಹುದು. ಬಣ್ಣದ ಕೆಲಸದವರ ಪರೀಕ್ಷೆಯೂ ಇದೇ. ಟ್ಯಾಂಕಿನ ಮೇಲೆ ನೀರು ಸುರಿದಾಗ ನೀರಿನ ಹಾಳೆ ಎಲ್ಲಿಯಾದರೂ ಹರಿದರೆ ಅಲ್ಲಿ ಜಿಡ್ಡಿದೆ ಎಂದರ್ಥ. ಪರೀಕ್ಷೆ ಮುಗಿದೊಡನೆ ತಗಡನ್ನು ಒರಸಿ ಬಿಸಿಗಾಳಿಯಲ್ಲಿ ಒಣಗಿಸಿ ಅಂದೇ ಪ್ರೈಮರ್ ಹಾಕಬೇಕು. ಬೆತ್ತಲೆ ಉಕ್ಕನ್ನು ಒಂದು ರಾತ್ರಿ ಬಿಟ್ಟರೂ ಬೆಳಗ್ಗೆ ಅದರ ಮೇಲೆ ಕಂದುಬಣ್ಣದ ತೆಳುಪೊರೆ ಕಾಣಿಸಿಕೊಳ್ಳಬಹುದು. ಫಾಸ್ಫಾರಿಕ್ ಆಮ್ಲವಿರುವ ದ್ರವದಿಂದ ತಗಡನ್ನು ತೊಳೆಯುವ ಪದ್ಧತಿಯೂ ಇದೆ. ಆ ಆಮ್ಲವು ತುಕ್ಕನ್ನು ಕರಗಿಸುವುದಲ್ಲದೆ, ಉಕ್ಕಿನ ಮೇಲೆ ಕಬ್ಬಿಣದ ಫಾಸ್ಫೇಟಿನ ಒರಟು ಪದರವೊಂದನ್ನು ಬಿಟ್ಟುಹೋಗುತ್ತದೆ. ಪ್ರೈಮರಿಗೆ ಬೇರುಬಿಡಲು ಅದು ಒಳ್ಳೆಯ ನೆಲ.

6,000 ರೂಪಾಯಿಯ ಕೆಲಸದಲ್ಲಿ ಇವಾವುವೂ ಇಲ್ಲ. ಹಳೆಯ ಬಣ್ಣದ ಮೇಲೆ ವಾಟರ್ ಪೇಪರಿನಿಂದ ಒಂದು ಸಲ ಉಜ್ಜಿ, ತಗ್ಗುಗಳಿಗೆ ಪಟ್ಟಿ ತುಂಬಿ, ಮೇಲೆ ಹೊಸ ಬಣ್ಣ ಹೊಡೆಯುತ್ತಾರೆ. ಹಳೆಯ ಪದರ ಗಟ್ಟಿಯಾಗಿದ್ದರೆ ಇದರಲ್ಲಿ ತಪ್ಪೇನೂ ಇಲ್ಲ ಎಂಬುದನ್ನು ಹೇಳಲೇಬೇಕು. ಒಣಗಿದ ಹಳೆಯ ಬಣ್ಣ ತಗಡಿಗೆ ಭದ್ರವಾಗಿ ಹಿಡಿದುಕೊಂಡಿರುವಲ್ಲಿ ಅದನ್ನು ಕಿತ್ತೆಸೆಯುವುದು ದುಂದುವೆಚ್ಚವೇ ಸರಿ. ಆದರೆ ನಮ್ಮ ಮಿತ್ರರ ಟ್ಯಾಂಕಿನಂತೆ ಅಡಿಯಲ್ಲಿ ತುಕ್ಕು ಜೀವಂತವಾಗಿರುವಾಗ ಹೀಗೆ ಮಾಡುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ. ಐದು ವರ್ಷಗಳ ಹಿಂದೆ ಆದುದೂ ಇದೇ.

ಇದಕ್ಕಿಂತ ಅಗ್ಗವಾದ ಇನ್ನೊಂದು ಮಾರ್ಗವಿದೆ. ಅದನ್ನು ಯಾವ ಪೇಂಟರೂ ತಾನಾಗಿ ಸೂಚಿಸುವುದಿಲ್ಲ. ಬಿಸಿಲಿಗೆ ಮಾಸಿದ ಬಣ್ಣವೆಲ್ಲ ಸತ್ತಿರುವುದಿಲ್ಲ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಬಣ್ಣದ ಮೇಲ್ಮೈಯಲ್ಲಿರುವ ರಾಳವನ್ನು ಮುರಿದು, ವರ್ಣದ ಕಣಗಳನ್ನು ಸೀಮೆಸುಣ್ಣದ ಪುಡಿಯಂತೆ ಸಡಿಲಗೊಳಿಸುತ್ತವೆ. ಒದ್ದೆ ಬಟ್ಟೆಯಿಂದ ತಿಕ್ಕಿದಾಗ ಬಟ್ಟೆಗೆ ಬಣ್ಣ ಹತ್ತಿದರೂ ತಗಡು ಎಲ್ಲಿಯೂ ಕಾಣದಿದ್ದರೆ, ಸತ್ತಿರುವುದು ಮೇಲಿನ ಪೊರೆ ಮಾತ್ರ. ರಬ್ಬಿಂಗ್ ಕಾಂಪೌಂಡ್ ಎಂಬ ನಯವಾದ ಸಾಣೆಮುದ್ದೆಯಿಂದ ಅದನ್ನು ತೆಗೆದು ಮೇಣ ಹಚ್ಚಿದರೆ ಹಳೆಯ ಹೊಳಪು ಮರಳುತ್ತದೆ. ಖರ್ಚು ಕೆಲವು ನೂರು ರೂಪಾಯಿ ಮತ್ತು ಒಂದು ಭಾನುವಾರ. ಕಾರ್ಖಾನೆಯ ಮೂಲ ಬಣ್ಣವುಳ್ಳ ಹಳೆಯ ವಾಹನಗಳನ್ನು ಹುಡುಕಿ ಕೊಳ್ಳುವವರು, ಅಲ್ಲಲ್ಲಿ ಕೆತ್ತಿಹೋಗಿದ್ದರೂ, ಆ ಮೂಲ ಬಣ್ಣಕ್ಕೆ ಹೆಚ್ಚು ಬೆಲೆ ಕೊಡುವುದುಂಟು. ಒಮ್ಮೆ ಕಿತ್ತರೆ ಅದು ಹಿಂದಿರುಗದು.

ಇನ್ನು ಬಣ್ಣದ ಜಾತಿಗಳ ವಿಚಾರ. ಯಾವುದೇ ಬಣ್ಣದಲ್ಲಿ ಮೂರು ಅಂಗಗಳು: ಬಣ್ಣ ಕೊಡುವ ವರ್ಣದ್ರವ್ಯ, ಅದನ್ನು ಹಿಡಿದಿಡುವ ರಾಳ, ಎರಡನ್ನೂ ತೆಳುಮಾಡುವ ದ್ರಾವಕ. ಜಾತಿಗಳ ವ್ಯತ್ಯಾಸವೆಲ್ಲ ರಾಳದಲ್ಲಿದೆ. ಅದು ಹೇಗೆ ಗಟ್ಟಿಯಾಗುತ್ತದೆ ಎಂಬುದರಲ್ಲಿದೆ.

ಲ್ಯಾಕರ್ ಎಂಬುದು ಇವುಗಳಲ್ಲಿ ಸರಳವಾದುದು. ಈ ಶಬ್ದದ ಮೂಲ ನಮ್ಮ ‘ಲಾಕ್ಷಾ’, ಅಂದರೆ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವ ಅರಗೇ ಇದು. ಮೈಸೂರಿನಲ್ಲಿ 1937ರಲ್ಲಿ ಆರಂಭವಾದ ಲ್ಯಾಕ್ ಮತ್ತು ಪೇಂಟ್ ಕಾರ್ಖಾನೆಯ ಹೆಸರಿನಲ್ಲಿಯೂ ಅರಗಿತ್ತು. 1962ರಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾರದ ಶಾಯಿಯನ್ನು ತಯಾರಿಸುತ್ತಿರುವುದೂ ಅದೇ ಕಾರ್ಖಾನೆ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ಹಚ್ಚಿದರೆ ಸ್ಪಿರಿಟು ಆರಿ ಅರಗಿನ ಪದರ ಉಳಿಯುತ್ತದೆ; ಮತ್ತೆ ಸ್ಪಿರಿಟು ತಾಗಿದರೆ ಮತ್ತೆ ಕರಗುತ್ತದೆ. ವಾಹನಗಳ ಲ್ಯಾಕರಿನಲ್ಲಿ ಅರಗಿನ ಸ್ಥಾನದಲ್ಲಿ ನೈಟ್ರೋಸೆಲ್ಯುಲೋಸ್ ಇರುತ್ತದೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಇದನ್ನು ‘ಡ್ಯೂಕೋ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಅದುವರೆಗೆ ಒಂದು ಮೋಟಾರು ಗಾಡಿಗೆ ವಾರ್ನಿಷ್ ಬಣ್ಣ ಹಾಕಿ ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಡ್ಯೂಕೋ ಗಂಟೆಗಳಲ್ಲಿ ಒಣಗಿತು. ನಮ್ಮ ದೇಶದ ಪೇಂಟರುಗಳ ಬಾಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಲ್ಯಾಕರಿನ ಗುಣವೇ ಅದರ ದೋಷವೂ ಹೌದು. ಬೇಗ ಒಣಗುತ್ತದೆ, ಗೀರು ಬಿದ್ದರೆ ಅಲ್ಲಿಗಷ್ಟೇ ಹಚ್ಚಿ ಸರಿಮಾಡಬಹುದು, ಅಗ್ಗ. ಆದರೆ ದ್ರಾವಕ ತಾಗಿದರೆ ಸೋಲುತ್ತದೆ. ಪೆಟ್ರೋಲು ತುಂಬುವಾಗ ಟ್ಯಾಂಕಿನ ಬಾಯಿಯಿಂದ ಚೆಲ್ಲಿದ ಹನಿಗಳೇ ಕಾಲಕ್ರಮದಲ್ಲಿ ಅದನ್ನು ಮಂಕಾಗಿಸುತ್ತವೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲು ಬೆರೆತಿರುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಹೊಡೆದ ಬಣ್ಣವು ಕಣ್ಣೆದುರಿಗೇ ಹಾಲು ಚೆಲ್ಲಿದಂತೆ ಬಿಳುಚುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಅದರ ಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದರಿಂದ. ಹಾಗೆಯೇ ಥಿನ್ನರು ಭರದಿಂದ ಆವಿಯಾಗುವಾಗ ತಗಡು ತಣ್ಣಗಾಗಿ, ತೇವದ ಗಾಳಿಯಲ್ಲಿರುವ ನೀರು ಹಸಿ ಬಣ್ಣದ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳಲ್ಲಿ ಈ ಕೆಲಸವನ್ನು ಮುಂದಕ್ಕೆ ಹಾಕುವ ಪೇಂಟರನ್ನು ಸೋಮಾರಿ ಎಂದು ಬಯ್ಯಬಾರದು.

ಎರಡನೆಯ ಜಾತಿ ಸಿಂಥೆಟಿಕ್ ಎನಾಮೆಲ್. ಅಡಿಗೆಮನೆಯ ಎಣ್ಣೆ ಡಬ್ಬದ ಹೊರಮೈಯಲ್ಲಿ ಇಳಿದ ಎಣ್ಣೆ ತಿಂಗಳುಗಟ್ಟಲೆ ಗಾಳಿಗೆ ಒಡ್ಡಿಕೊಂಡು ಅಂಟಿನ ಪೊರೆಯಾಗುವುದುಂಟಷ್ಟೆ. ಎಣ್ಣೆಯು ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡುದರ ಫಲವದು. ಅಗಸೆಯಂತಹ ಒಣಗುವ ಎಣ್ಣೆಗಳನ್ನು ಬಳಸಿ ತಯಾರಿಸಿದ ರಾಳದಲ್ಲಿ ಇದೇ ಕ್ರಿಯೆ ಒಂದೆರಡು ದಿನಗಳಲ್ಲಿ ನಡೆಯುತ್ತದೆ. ಮನೆಯ ಗೇಟಿಗೆ ಇದು ಸರಿ. ಆದರೆ ಒಣಗುವವರೆಗೂ ಧೂಳನ್ನೆಲ್ಲ ಕರೆದು ಮೈಮೇಲೆ ಹಾಕಿಕೊಳ್ಳುತ್ತದೆ.

ಮೂರನೆಯದು ಇಂದು ಒಳ್ಳೆಯ ಕಾರ್ಯಾಗಾರಗಳೆಲ್ಲ ಬಳಸುವ ಎರಡು ದ್ರವಗಳ ಪಾಲಿಯುರಿಥೇನ್ ಬಣ್ಣ. ಜರ್ಮನಿಯಲ್ಲಿ 1937ರಲ್ಲಿ ಒಟ್ಟೋ ಬೇಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ರಸಾಯನವೇ ಇದಕ್ಕೆ ಮೂಲ. ಒಂದು ಡಬ್ಬದಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡನರ್. ಹಾಲಿಗೆ ಹೆಪ್ಪು ಹಾಕಿದ ಮೇಲೆ ಮೊಸರಾಗುವುದನ್ನು ತಡೆಯಲಾಗದಂತೆ, ಇವೆರಡನ್ನು ಬೆರಸಿದ ಮೇಲೆ ಕೆಲವು ಗಂಟೆಗಳೊಳಗೆ ಬಳಸಿ ಮುಗಿಸಬೇಕು. ಗಟ್ಟಿಯಾದ ಪದರವು ಪೆಟ್ರೋಲಿಗಾಗಲಿ ಥಿನ್ನರಿಗಾಗಲಿ ಮತ್ತೆ ಕರಗದು. ಬಿಸಿಲನ್ನೂ ವರ್ಷಗಟ್ಟಲೆ ತಾಳುತ್ತದೆ.

ಇಷ್ಟು ಗುಣಗಳಿಗೆ ತೆರಬೇಕಾದ ಬೆಲೆಯೊಂದಿದೆ. ಅದು ರಸೀತಿಯಲ್ಲಿ ಕಾಣುವುದಿಲ್ಲ. ಹಾರ್ಡನರಿನಲ್ಲಿರುವ ಐಸೊಸಯನೇಟ್ ಎಂಬ ವಸ್ತುವಿನ ಸೂಕ್ಷ್ಮ ಹನಿಗಳನ್ನು ಉಸಿರಾಡಿದವರಿಗೆ ಉಬ್ಬಸ ರೋಗ ಬರಬಹುದು. ಒಮ್ಮೆ ದೇಹವು ಅದಕ್ಕೆ ಒಗ್ಗದೆಂದು ತೀರ್ಮಾನಿಸಿತೆಂದರೆ, ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಆ ಮನುಷ್ಯ ಕಸಬನ್ನೇ ಬಿಡಬೇಕಾದೀತು. ಅಪಾಯದ ಮಟ್ಟವನ್ನು ಮುಟ್ಟಿದಾಗಲೂ ವಾಸನೆಯಿಂದ ಅದರ ಸುಳಿವು ಸಿಗದಿರಬಹುದು. ಮೂಗಿಗೆ ಟವೆಲು ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖವಾಡವೂ, ಹೊಗೆಯನ್ನು ಸೆಳೆದೊಯ್ಯುವ ಫ್ಯಾನುಗಳುಳ್ಳ ಕೋಣೆಯೂ ಬೇಕು. 15,000 ರೂಪಾಯಿಯಲ್ಲಿ ಒಂದು ಪಾಲು ಇವುಗಳಿಗೆ ಹೋಗುತ್ತದೆ. ಇವಿಲ್ಲದ ಅಂಗಡಿಯಲ್ಲಿ ಇದೇ ಬಣ್ಣವನ್ನು ಕಡಿಮೆ ದರಕ್ಕೆ ಹೊಡೆಯುವುದಾಗಿ ಹೇಳಿದರೆ, ಉಳಿದ ಹಣವನ್ನು ಆ ಹುಡುಗನ ಶ್ವಾಸಕೋಶದಿಂದ ತೆಗೆದಂತಾಯಿತು. ಅಂತಹ ಕಡೆ ಲ್ಯಾಕರನ್ನೇ ಹೊಡೆಸುವುದು ಮೇಲೆಂದು ನಮ್ಮ ಅಭಿಪ್ರಾಯ. ಹಳೆಯ ಬಣ್ಣವನ್ನು ಉಜ್ಜುವಾಗಲೂ ಎಚ್ಚರ ಬೇಕು. 1960ರ ದಶಕದ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಸಾಮಾನ್ಯವಾಗಿದ್ದವು. ಒಣ ಉಜ್ಜುಕಾಗದದಿಂದ ಧೂಳೆಬ್ಬಿಸದೆ ನೀರು ಹಾಕಿ ಉಜ್ಜಬೇಕು. ಮಕ್ಕಳನ್ನು ಹತ್ತಿರ ಸೇರಿಸಕೂಡದು.

ನಿಮ್ಮ ವಾಹನದ ಮೇಲೆ ಈಗಿರುವುದು ಯಾವ ಜಾತಿ? ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿಹಿಡಿದು ನೋಡಿರಿ. ಬಟ್ಟೆಗೆ ಬಣ್ಣ ಕರಗಿ ಬಂದರೆ ಲ್ಯಾಕರ್. ಸುಕ್ಕುಗಟ್ಟಿದರೆ ಎನಾಮೆಲ್. ಏನೂ ಆಗದಿದ್ದರೆ ಪಾಲಿಯುರಿಥೇನ್ ಅಥವಾ ಒಲೆಯಲ್ಲಿ ಬೇಯಿಸಿದ ಕಾರ್ಖಾನೆಯ ಬಣ್ಣ. ಈ ಪರೀಕ್ಷೆ ಮಾಡದೆ ಎನಾಮೆಲಿನ ಮೇಲೆ ಲ್ಯಾಕರ್ ಹೊಡೆದು, ಅಡಿಯ ಪದರ ಮುದುಕನ ಕೆನ್ನೆಯಂತೆ ಸುಕ್ಕಾಗಿ, ಎರಡನ್ನೂ ಕೆರೆದು ಹಾಕಬೇಕಾದ ಪ್ರಸಂಗಗಳು ಎಷ್ಟೋ.

ಈಚೆಗೆ ‘ಪೌಡರ್ ಕೋಟಿಂಗ್’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಇದರಲ್ಲಿ ದ್ರಾವಕವೇ ಇಲ್ಲ. ರಾಳ ಮತ್ತು ವರ್ಣಗಳ ನುಣುಪು ಹುಡಿಗೆ ವಿದ್ಯುದಾವೇಶ ಕೊಟ್ಟು ತಗಡಿನತ್ತ ಊದುತ್ತಾರೆ. ಒಣಗೂದಲಿಗೆ ತಿಕ್ಕಿದ ಬಾಚಣಿಗೆಯು ಕಾಗದದ ಚೂರುಗಳನ್ನು ಎಳೆಯುವಂತೆ ಲೋಹವು ಹುಡಿಯನ್ನು ಎಳೆದುಕೊಳ್ಳುತ್ತದೆ. ಕೊಳವೆಯ ಹಿಂಬದಿಗೂ ಹುಡಿ ಸುತ್ತಿಬಂದು ಅಂಟುತ್ತದೆ. ಬಳಿಕ 180ರಿಂದ 200 ಡಿಗ್ರಿ ಸೆಂಟಿಗ್ರೇಡಿನ ಒಲೆಯಲ್ಲಿಟ್ಟರೆ ಹುಡಿ ಕರಗಿ, ಹರಡಿ, ಗಟ್ಟಿಯಾಗುತ್ತದೆ. ವಾಹನದ ಚೌಕಟ್ಟು, ಸ್ಟ್ಯಾಂಡು ಮುಂತಾದ ದಪ್ಪ ಕೊಳವೆಗಳಿಗೆ ಇದಕ್ಕಿಂತ ಗಟ್ಟಿಯಾದ ಲೇಪ ಸಿಗುವುದು ಕಷ್ಟ. ಅದೂ ಅಗ್ಗವಾಗಿ.

ಹಾಗಾದರೆ ಟ್ಯಾಂಕಿಗೂ ಅದನ್ನೇ ಮಾಡಿಸಬಾರದೇಕೆ? ಐವತ್ತು ವರ್ಷ ಓಡಿದ ಟ್ಯಾಂಕಿನಲ್ಲಿ ಎಲ್ಲಿಯಾದರೂ ಸೋರಿಕೆಗೆ ತವರದ ಬೆಸುಗೆ ಹಾಕಿರುವುದು ಸಾಮಾನ್ಯ. ತವರ ಸೀಸಗಳ ಬೆಸುಗೆ ಮೆತ್ತಗಾಗತೊಡಗುವುದು 183 ಡಿಗ್ರಿಯಲ್ಲಿ. ಒಲೆಯಿಂದ ಹೊರಬರುವಾಗ ಬಣ್ಣವೇನೋ ಚೆನ್ನಾಗಿರುತ್ತದೆ, ಟ್ಯಾಂಕು ಮಾತ್ರ ಸೋರುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ಪಟ್ಟಿಯೂ ಆ ಶಾಖವನ್ನು ತಾಳದು. ಹೀಗಾಗಿ ತಗ್ಗುಬಿದ್ದ ತಗಡುಗಳಿಗೆ ಈ ವಿಧಾನ ಹೊಂದುವುದಿಲ್ಲ. ಟಿಂಕರಿಂಗ್ ಬಲ್ಲವರು ಒಳಗಿನಿಂದ ಸುತ್ತಿಗೆಯಾಡಿಸಿ ತಗಡನ್ನೇ ಪೂರ್ತಿ ಸಮಮಾಡಿದ್ದರೆ ಮಾತು ಬೇರೆ. ಪಟ್ಟಿಯ ಬಗ್ಗೆ ಒಂದು ಮಾತು: ಅದು ತೆಳುವಾಗಿದ್ದರೆ ಮಿತ್ರ, ದಪ್ಪವಾದರೆ ಶತ್ರು. ಎರಡು ಮೂರು ಮಿಲಿಮೀಟರು ಮೀರಿದರೆ ಎಂಜಿನಿನ ನಡುಕಕ್ಕೆ ಬಿರುಕು ಬಿಡುತ್ತದೆ. ಅದು ನೀರನ್ನೂ ಹೀರುತ್ತದೆಯಾದುದರಿಂದ ಪ್ರೈಮರ್ ಹಾಕುವ ಮೊದಲು ಅದನ್ನು ನೀರು ಹಾಕಿ ಉಜ್ಜುವುದು ತಪ್ಪು.

ಹಳೆಯ ಜಾವಾದ ಟ್ಯಾಂಕಿನ ಪಕ್ಕಗಳಲ್ಲಿ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಫಲಕಗಳಿದ್ದವು. 32,000ದ ದೊಡ್ಡ ಪಾಲು ಇದಕ್ಕೇ. ಹೊಳೆಯುವ ಕ್ರೋಮಿಯಂ ಪದರವು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು; ತುಕ್ಕನ್ನು ತಡೆಯುವ ಕೆಲಸವನ್ನೆಲ್ಲ ಮಾಡುವುದು ಅದರಡಿಯ ಹತ್ತಾರು ಪಟ್ಟು ದಪ್ಪವಾದ ನಿಕಲ್ಲು. ಅಗ್ಗದ ಲೇಪದಲ್ಲಿ ಉಳಿಸುವುದು ಈ ನಿಕಲ್ಲನ್ನೇ. ಅಂಗಡಿಯಲ್ಲಿ ನೋಡಿದಾಗ ವ್ಯತ್ಯಾಸ ತಿಳಿಯದು, ಒಂದು ಮಳೆಗಾಲ ಕಳೆದರೆ ಸೂಜಿಮೊನೆಯಂತಹ ಕೆಂಪು ಚುಕ್ಕೆಗಳು ಹೇಳುತ್ತವೆ. ಲೇಪದ ತೊಟ್ಟಿಯಲ್ಲಿ ಬಳಕೆಯಾಗುತ್ತ ಬಂದಿರುವ ಷಟ್ಸಂಯೋಜಕ ಕ್ರೋಮಿಯಂ ಕ್ಯಾನ್ಸರಿಗೆ ಕಾರಣವಾಗಬಲ್ಲ ವಿಷ. ಅದರ ಕೊಳಚೆಯನ್ನು ಶುದ್ಧೀಕರಿಸದೆ ಚರಂಡಿಗೆ ಬಿಡುವಂತಿಲ್ಲ. ಕ್ರಮವೂ ಮುಖ್ಯ: ಮೊದಲು ಬೆಸುಗೆ, ಆಮೇಲೆ ಕ್ರೋಮಿಯಂ, ಕೊನೆಗೆ ಬಣ್ಣ. ಕ್ರೋಮಿಯಮ್ಮಿನ ನುಣುಪಿಗೆ ಬಣ್ಣ ಅಂಟದಾದುದರಿಂದ, ಬಣ್ಣ ಬರುವ ಭಾಗವನ್ನಷ್ಟೇ ಉಜ್ಜಿ ಒರಟುಮಾಡಿ ಅದಕ್ಕೆ ತಕ್ಕ ಪ್ರೈಮರ್ ಹಾಕಬೇಕಾಗುತ್ತದೆ.

ಬೆಸುಗೆಯ ಮಾತು ಬಂದಾಗ ಹೇಳದೆ ಬಿಡಬಾರದ ಸಂಗತಿಯೊಂದಿದೆ. ಬರಿದಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕರ. ಪೆಟ್ರೋಲಿನ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು 1.4ರಿಂದ 7.6 ಭಾಗದಷ್ಟಿದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿಯು ಇದಕ್ಕಿಂತ ದಟ್ಟ. ಖಾಲಿ ಮಾಡಿ ಬಿಸಿಲಿನಲ್ಲಿಟ್ಟ ಟ್ಯಾಂಕಿನಲ್ಲಿ ಸರಿಯಾಗಿ ಸಿಡಿಯುವಷ್ಟೇ ಉಳಿದಿರಬಹುದು. ಸಾಬೂನು ನೀರಿನಿಂದ ಹಲವು ಸಲ ತೊಳೆದು, ಬಲ್ಲವರ ಕೈಯಲ್ಲಿಯೇ ಬೆಸುಗೆ ಹಾಕಿಸಬೇಕು. ಮನೆಯಲ್ಲಿ ಇದನ್ನು ಪ್ರಯತ್ನಿಸಲೇಕೂಡದು.

ನಮ್ಮ ಮಿತ್ರರು ಕೊನೆಗೆ ಮೂರು ದರಪಟ್ಟಿಗಳಲ್ಲಿ ಯಾವುದನ್ನೂ ಪೂರ್ತಿಯಾಗಿ ಒಪ್ಪಲಿಲ್ಲ. ಚೌಕಟ್ಟಿಗೆ ಕಪ್ಪು ಪೌಡರ್ ಕೋಟಿಂಗ್ ಮಾಡಿಸಿದರು, 4,500 ರೂಪಾಯಿ. ಟ್ಯಾಂಕಿಗೆ ಮಾತ್ರ ಕ್ರೋಮಿಯಂ ಮಾಡಿಸಿದರು, 6,000. ಹ್ಯಾಂಡಲು ಮತ್ತು ಸೈಲೆನ್ಸರುಗಳನ್ನು ಹಾಗೆಯೇ ಬೆಳಗಿ ಇಟ್ಟುಕೊಂಡರು. ತಗಡಿನ ಭಾಗಗಳನ್ನೆಲ್ಲ ಬೆತ್ತಲೆ ಉಕ್ಕಿನವರೆಗೆ ಇಳಿಸಿ ಪಾಲಿಯುರಿಥೇನ್ ಹಾಕಿಸಲು, ಬಿಚ್ಚುವ ಜೋಡಿಸುವ ಕೆಲಸವನ್ನು ತಾವೇ ವಹಿಸಿಕೊಂಡುದರಿಂದ, ಆ ಹಿರಿಯ ಪೇಂಟರು 13,000ಕ್ಕೆ ಒಪ್ಪಿದರು. ಒಟ್ಟು 23,500. ಪೇಂಟರ ಲೆಕ್ಕದಲ್ಲಿ ಪ್ರೈಮರ್, ಬಣ್ಣ, ಹಾರ್ಡನರ್, ಥಿನ್ನರ್, ಕಾಗದ ಎಲ್ಲ ಸೇರಿ ಬಂದುದು 3,500 ಮಾತ್ರ. ಮಿಕ್ಕುದೆಲ್ಲ ಇಬ್ಬರ ಒಂದು ವಾರದ ಕೂಲಿ, ಅಂಗಡಿಯ ಬಾಡಿಗೆ, ಕರೆಂಟು. ಇವು ಒಂದು ಊರಿನ ಒಂದು ವಾಹನದ ದರಗಳು. ಬೇರೆಡೆ ಅಂಕಿಗಳು ಬೇರೆಯಾದಾವು, ಅವುಗಳ ಪ್ರಮಾಣ ಹೆಚ್ಚಾಗಿ ಬದಲಾಗದು.

ಬಣ್ಣದ ಛಾಯೆಯನ್ನು ಹೊಂದಿಸುವಾಗ ಒಂದು ಸ್ವಾರಸ್ಯ ನಡೆಯಿತು. ಅಂಗಡಿಯ ಮರೂನುಗಳೆಲ್ಲ ಒಂದೊಂದು ಬಗೆ. ಮೂಲ ಬಣ್ಣ ಹೇಗಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಟ್ಯಾಂಕಿನ ಪಕ್ಕದಲ್ಲಿ ಮಂಡಿ ಒರಗಿಸುವ ರಬ್ಬರು ಪಟ್ಟಿಯನ್ನು ಕಿತ್ತಾಗ ಅದರಡಿಯ ಅಂಚಿನಲ್ಲಿ, ಹಿಂದಿನ ಪೇಂಟರ ಗನ್ನು ತಲುಪದ ಜಾಗದಲ್ಲಿ, ಐವತ್ತು ವರ್ಷ ಬಿಸಿಲು ಕಾಣದ ಎರಡು ಬೆರಳಗಲದ ಮೂಲ ಬಣ್ಣ ಹಾಗೆಯೇ ಇತ್ತು. ಅದನ್ನೇ ಮಾದರಿಯಾಗಿಟ್ಟು ಬಣ್ಣ ಕಲಸಿದರು. ಬಣ್ಣ ಬದಲಾಯಿಸದ ಕಾರಣ ಸಾರಿಗೆ ಕಚೇರಿಯ ಕೆಲಸವೂ ಉಳಿಯಿತು. ನೋಂದಣಿ ಪತ್ರದಲ್ಲಿ ವಾಹನದ ಬಣ್ಣವೂ ನಮೂದಾಗಿರುವುದರಿಂದ, ಕೆಂಪು ಗಾಡಿಯನ್ನು ನೀಲಿ ಮಾಡಿಸುವವರು ಅಲ್ಲಿ ತಿಳಿಸಿ ಬರೆಯಿಸಿಕೊಳ್ಳಬೇಕಾಗುತ್ತದೆ.

ವಾಹನವನ್ನು ಒಪ್ಪಿಸುವಾಗ ಪೇಂಟರು ಒಂದು ತಿಂಗಳು ಮೇಣ ಹಚ್ಚಬೇಡಿರೆಂದು ಹೇಳಿದರು. ಕೈಗೆ ಗಟ್ಟಿಯೆನಿಸಿದರೂ ಒಳಗೆ ಉಳಿದ ದ್ರಾವಕ ಹೊರಬೀಳಲು ಅಷ್ಟು ಕಾಲ ಬೇಕು. ಮಿಕ್ಕ ಬಣ್ಣವನ್ನು ಒಂದು ಸೀಸೆಯಲ್ಲಿ, ಹಾರ್ಡನರನ್ನು ಬೇರೊಂದು ಸಣ್ಣ ಸೀಸೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ ಕೊಟ್ಟರು. ಹಾರ್ಡನರು ಗಾಳಿಯ ತೇವದೊಡನೆಯೂ ವರ್ತಿಸುವುದರಿಂದ ಬಿರಡೆ ಸಡಿಲವಾದರೆ ಕಲ್ಲಾಗಿ ಹೋಗುತ್ತದೆ. ಮುಂದೆಂದಾದರೂ ಗೀರು ಬಿದ್ದರೆ ಬಣ್ಣ ಹೊಂದಿಸಲು ಮೊದಲಿನಷ್ಟು ಪಾಡು ಪಡಬೇಕಾಗಿಲ್ಲ. ಸೀಸೆಗಳೆರಡೂ ಈಗ ಅವರ ತಂದೆಯವರ ಹತ್ಯಾರು ಪೆಟ್ಟಿಗೆಯಲ್ಲಿವೆ.